ಚಂದ್ರ, ಕಾವೇರಿ, ಮಾಧವಿ: ನಾಶದತ್ತ ನಡೆದ ನಾಯಕಿಯರು, ಅವರನ್ನು ಓದಿದ ವಿಮರ್ಶೆ

ಪುಟ್ಟಣ್ಣ ಕಣಗಾಲ್ 1969ರಿಂದ 1973ರೊಳಗೆ ತೆರೆಗೆ ತಂದ ಮೂರು ಚಿತ್ರಗಳು ಕನ್ನಡ ಸಿನಿಮಾ ವಿಮರ್ಶೆಯನ್ನು ಐವತ್ತು ವರ್ಷಗಳಿಂದ ಕಾಡುತ್ತಲೇ ಬಂದಿವೆ. ‘ಗೆಜ್ಜೆಪೂಜೆ’ಯ ಚಂದ್ರ ತಾನೇ ಪ್ರಾಣ ಕಳೆದುಕೊಳ್ಳುತ್ತಾಳೆ. ‘ಶರಪಂಜರ’ದ ಕಾವೇರಿ ಒಮ್ಮೆ ವಾಸಿಯಾದ ಹುಚ್ಚಿಗೆ ಮತ್ತೆ ಜಾರುತ್ತಾಳೆ. ‘ಎಡಕಲ್ಲು ಗುಡ್ಡದ ಮೇಲೆ’ ಚಿತ್ರದ ಮಾಧವಿ ತನ್ನ ಆಸೆಯ ಬೆನ್ನು ಹತ್ತಿ ದುರಂತಕ್ಕೆ ತಲುಪುತ್ತಾಳೆ. ಮೂವರೂ ತಮ್ಮ ಕೈಯಾರೆ ತಮ್ಮ ಬಾಳು ಕೆಡಿಸಿಕೊಂಡವರು ಎಂದು ಕೆಲವರು ಓದಿದರು. ಮೂವರ ಬಾಳನ್ನೂ ಬೇರೆಯವರು ಕೆಡಿಸಿದರು ಎಂದು ಉಳಿದವರು ವಾದಿಸಿದರು. ಆ ವಾದ ಇನ್ನೂ ಮುಗಿದಿಲ್ಲ. ಮೈಸೂರು, ಬೆಂಗಳೂರಿನ ಮಧ್ಯಮವರ್ಗದ ಮನೆಗಳ ಈ ಕತೆಗಳನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾದ ನೆಲದಲ್ಲಿ ನಿಂತು ನೋಡಿದರೆ ವಾದದ ಮುಖವೇ ಬದಲಾಗುತ್ತದೆ.

ಇಂಥ ಚರ್ಚೆ ಬಹಳ ಹಳೆಯದು, ಅದರ ದೊಡ್ಡ ಉದಾಹರಣೆಗಳು ಫ್ರಾನ್ಸಿನಲ್ಲಿವೆ. 1677ರ ಜನವರಿ 1ರಂದು ಪ್ಯಾರಿಸ್ಸಿನ ಹೊಟೇಲ್ ದ ಬುರ್ಗೋನ್ಯ ರಂಗಮಂದಿರದಲ್ಲಿ ಜ್ಯಾಂ ರಾಸೀನನ ‘ಫೆದ್ರ್’ ನಾಟಕದ ಮೊದಲ ಪ್ರದರ್ಶನ ನಡೆಯಿತು. ರಾಜ ಥೀಸಿಯಸ್‌ನ ಹೆಂಡತಿ ಫೆದ್ರ್‌ಗೆ ಮಲಮಗ ಹಿಪೊಲಿಟಸ್‌ನ ಮೇಲೆ ಮೋಹ. ಅದನ್ನು ಬಾಯಿಬಿಟ್ಟು ಹೇಳಿದ ಗಳಿಗೆಯಿಂದ ಅವಳ ನಾಶ ಶುರುವಾಗುತ್ತದೆ. ಹಿಪೊಲಿಟಸ್ ಸಾಯುತ್ತಾನೆ, ಕೊನೆಗೆ ಅವಳೂ ವಿಷಕ್ಕೆ ಬಲಿಯಾಗುತ್ತಾಳೆ. ಇದೇ ಕತೆಯ ಮೇಲೆ ಪ್ರಾದೋಂ ಎಂಬ ಎದುರಾಳಿ ಬರೆದ ನಾಟಕ ಎರಡೇ ದಿನದ ಅಂತರದಲ್ಲಿ ಇನ್ನೊಂದು ರಂಗಮಂದಿರದಲ್ಲಿ ಆರಂಭವಾಯಿತು. ರಾಸೀನನನ್ನು ಕಂಡರಾಗದ ಶ್ರೀಮಂತರ ಗುಂಪು ಪ್ರಾದೋಂನ ಬೆನ್ನಿಗೆ ನಿಂತಿತು. ರಾಸೀನ್ ತನ್ನ ಮುನ್ನುಡಿಯಲ್ಲಿ, ಫೆದ್ರ್ ಪೂರ್ತಿ ತಪ್ಪಿತಸ್ಥೆಯೂ ಅಲ್ಲ, ಪೂರ್ತಿ ನಿರಪರಾಧಿಯೂ ಅಲ್ಲ ಎಂಬ ಅರ್ಥದ ಸಮರ್ಥನೆ ಕೊಟ್ಟ. ಆಮೇಲೆ ಹನ್ನೆರಡು ವರ್ಷ ನಾಟಕವನ್ನೇ ಬರೆಯಲಿಲ್ಲ.

ಮುಂದಿನ ಮುನ್ನೂರು ವರ್ಷ ಫ್ರೆಂಚ್ ವಿಮರ್ಶೆ ಅವನ ಆ ಸಮರ್ಥನೆಯ ಸುತ್ತಲೇ ಸುತ್ತಿತು. ದೇವರ ಕೃಪೆ ಸಿಗದ ಜೀವವೊಂದರ ಕತೆ ಎಂದು ಧಾರ್ಮಿಕರು ಓದಿದರು. 1963ರಲ್ಲಿ ರೋಲಾಂ ಬಾರ್ತ್ ರಾಸೀನನ ಮೇಲೆ ಪುಸ್ತಕ ಬರೆದು, ಫೆದ್ರ್‌ಳ ದುರಂತ ಅವಳ ಆಸೆಗಿಂತ ಹೆಚ್ಚಾಗಿ ಆ ಆಸೆಯನ್ನು ಮಾತಾಗಿಸಿದ್ದರಲ್ಲಿದೆ ಎಂದ. ವಿದ್ವಾಂಸ ರೇಮೋಂ ಪಿಕಾರ್ 1965ರಲ್ಲಿ ಬಾರ್ತ್‌ನ ಹೊಸ ವಿಮರ್ಶೆಯನ್ನು ಕಟುವಾಗಿ ಖಂಡಿಸಿದ. ಒಬ್ಬ ಹೆಂಗಸು ತನ್ನನ್ನು ಕೊಂದುಕೊಳ್ಳುವ ನಾಟಕ, ವಿಮರ್ಶೆ ಮಾಡುವುದು ಹೇಗೆ ಎಂಬ ಜಗಳಕ್ಕೇ ಕಾರಣವಾಯಿತು.

ನಡುವೆ ಕೋರ್ಟು ಕೂಡ ವಿಮರ್ಶಕನಾದ ಪ್ರಸಂಗ ಬಂತು. ಗುಸ್ತಾವ್ ಫ್ಲೋಬೇರನ ‘ಮದಾಂ ಬೋವರಿ’ 1856ರ ಕೊನೆಯ ತಿಂಗಳುಗಳಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದಿತ್ತು. ಹಳ್ಳಿಯ ವೈದ್ಯನ ಹೆಂಡತಿ ಎಮ್ಮಾ ಪ್ರೇಮದ ಕನಸು, ಸಾಲ, ಸುಳ್ಳುಗಳಲ್ಲಿ ಮುಳುಗಿ ಸಾಯುವ ಕತೆ ಅದು. 1857ರ ಜನವರಿಯಲ್ಲಿ ನೀತಿಗೆಟ್ಟ ಬರಹವೆಂದು ಮೊಕದ್ದಮೆ ನಡೆಯಿತು. ಸರ್ಕಾರದ ವಕೀಲ ಎರ್ನೆಸ್ಟ್ ಪಿನಾರ್‌ನ ಮುಖ್ಯ ದೂರು ಎಮ್ಮಾಳ ವ್ಯಭಿಚಾರಕ್ಕಿಂತ ಆಳವಾಗಿತ್ತು: ಅವಳನ್ನು ತಪ್ಪಿತಸ್ಥೆ ಎಂದು ತೀರ್ಪು ಕೊಡುವ ಒಂದೇ ಒಂದು ಪಾತ್ರವೂ ಕಾದಂಬರಿಯಲ್ಲಿಲ್ಲ ಎಂಬುದು ಅವನ ಸಿಟ್ಟು. ಪ್ರತಿವಾದಿ ವಕೀಲ ಸೆನಾರ್, ಅವಳ ಭಯಾನಕ ಸಾವೇ ಓದುಗರಿಗೆ ಪಾಠ ಎಂದು ವಾದಿಸಿದ. ಫೆಬ್ರವರಿ 7ರಂದು ಫ್ಲೋಬೇರ್ ಖುಲಾಸೆಯಾದ. ಗಮನಿಸಬೇಕಾದ್ದು, ಇಬ್ಬರು ವಕೀಲರೂ ನಾಯಕಿಯ ಸಾವನ್ನು ಶಿಕ್ಷೆ ಎಂದೇ ನೋಡಿದರು. ಆ ಶಿಕ್ಷೆ ಸಾಲದು ಎಂದ ಒಬ್ಬ, ಸಾಕು ಎಂದ ಇನ್ನೊಬ್ಬ. ಅದೇ ವರ್ಷ ಕವಿ ಬೋದಿಲೇರ್ ಬರೆದ ವಿಮರ್ಶೆ ಮಾತ್ರ ಬೇರೆ ದಾರಿ ಹಿಡಿದು, ಎಮ್ಮಾಳಲ್ಲಿರುವ ಕಲ್ಪನೆಯನ್ನೂ ಛಲವನ್ನೂ ಮೆಚ್ಚಿಕೊಂಡಿತು.

ಕನ್ನಡದಲ್ಲಿ ಈ ಮೂರೂ ಬಗೆಯ ಓದುಗಳು ಪುಟ್ಟಣ್ಣನವರ ನಾಯಕಿಯರ ಸುತ್ತ ಬೆಳೆದವು.

ಮೊದಲು ಚಂದ್ರಳ ಕತೆ. ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಆಧರಿಸಿದ ‘ಗೆಜ್ಜೆಪೂಜೆ’ 1969ರಲ್ಲಿ ಬಂತು. ಚಂದ್ರಳಾಗಿ ಕಲ್ಪನಾ, ಅವಳ ತಾಯಿಯಾಗಿ ಲೀಲಾವತಿ, ಪಕ್ಕದ ಮನೆಯ ಸೋಮುವಾಗಿ ಗಂಗಾಧರ್. ವೇಶ್ಯೆಯ ಮನೆಯಲ್ಲಿ ಹುಟ್ಟಿದ ಹುಡುಗಿಗೆ ಓದಬೇಕು, ಮದುವೆಯಾಗಬೇಕು, ಎಲ್ಲರಂತೆ ಸಂಸಾರ ಮಾಡಬೇಕು ಎಂಬ ಆಸೆ. ಸೋಮುವಿನ ತಪ್ಪು ತಿಳುವಳಿಕೆಯೊಂದು ಆ ಬಾಗಿಲನ್ನು ಮುಚ್ಚುತ್ತದೆ. ಅವಳು ಕುಲವೃತ್ತಿಗೆ ಇಳಿಸುವ ಗೆಜ್ಜೆಪೂಜೆಗೆ ತಾನೇ ಒಪ್ಪುತ್ತಾಳೆ, ಆಮೇಲೆ ಸಾವನ್ನು ಆರಿಸಿಕೊಳ್ಳುತ್ತಾಳೆ. ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಬಂತು, ಚಿತ್ರಕಥೆಗಾಗಿ ಪುಟ್ಟಣ್ಣನವರಿಗೂ ಬಂತು. ಮೆಚ್ಚಿದವರು ಮೆಚ್ಚಿದ್ದು ಕರುಣೆಯನ್ನು: ಸಮಾಜ ಹೆಸರೆತ್ತಲೂ ಅಂಜುವ ಮನೆಯೊಳಗೆ ಕ್ಯಾಮೆರಾ ಹೋಯಿತು, ಅಲ್ಲಿಯ ಹುಡುಗಿಯನ್ನು ನೋಡುಗರ ಮನೆಯ ಮಗಳನ್ನಾಗಿ ಮಾಡಿತು.

ಆಕ್ಷೇಪವೂ ಆ ಕರುಣೆಯ ಮೇಲೆಯೇ ಬಂತು. ಚಂದ್ರಳನ್ನು ಶುದ್ಧಳನ್ನಾಗಿ ಉಳಿಸಿಕೊಳ್ಳಲು ಅವಳನ್ನು ಸಾಯಿಸಲೇಬೇಕಾಯಿತು ಎಂಬುದು ಸ್ತ್ರೀವಾದಿ ಓದಿನ ತಕರಾರು. ಬದುಕಿ ಉಳಿದ ವೇಶ್ಯೆಗೆ ಕಣ್ಣೀರು ಸಿಗುವುದಿಲ್ಲ, ಸತ್ತ ಕನ್ಯೆಗೆ ಸಿಗುತ್ತದೆ. ಫ್ರೆಂಚ್ ರಂಗಭೂಮಿಯಲ್ಲಿ ಅಲೆಕ್ಸಾಂದ್ರ್ ದ್ಯುಮಾನ ಮಗ 1852ರಲ್ಲಿ ಆಡಿಸಿದ ‘ಕ್ಯಾಮೀಲಿಯಾ ಹೂವಿನ ಹೆಂಗಸು’ ನಾಟಕದ ಮಾರ್ಗರೀತಳ ಕತೆಯೂ ಹೀಗೆಯೇ. ಪ್ರಿಯಕರನ ಮನೆತನದ ಮರ್ಯಾದೆಗಾಗಿ ಅವನನ್ನು ಬಿಟ್ಟುಕೊಟ್ಟು, ಕ್ಷಯದಿಂದ ಸತ್ತ ಮೇಲೆಯೇ ಅವಳು ಎಲ್ಲರ ಪಾಲಿಗೆ ದೇವತೆಯಾದಳು. ಈ ತಕರಾರು ನ್ಯಾಯವಾದದ್ದು. ‘ಗೆಜ್ಜೆಪೂಜೆ’ಯ ಕೊನೆ ನೋಡುಗನ ಮನಸ್ಸನ್ನು ಕಲಕುವಷ್ಟೇ ಬೇಗ ಅವನ ಹೊಣೆಯನ್ನೂ ಇಳಿಸಿಬಿಡುತ್ತದೆ.

ಕೊಪ್ಪಳ ಸೀಮೆಯ ನೋಡುಗರಿಗೆ ಈ ಚಿತ್ರದ ಅರ್ಥ ಇನ್ನೂ ಒಂದು ಮಜಲು ಆಚೆ ಹೋಗುತ್ತದೆ. ಕೊಪ್ಪಳ ತಾಲ್ಲೂಕಿನ ಹುಲಿಗಿ, ಹುಲಿಗೆಮ್ಮ ದೇವಿಯ ನೆಲೆ. ಹೆಣ್ಣುಮಕ್ಕಳನ್ನು ದೇವಿಯ ಹೆಸರಿಗೆ ಬಿಡುವ ಪದ್ಧತಿ ಬಹುಕಾಲ ಬೇರೂರಿದ್ದ ಜಿಲ್ಲೆಗಳಲ್ಲಿ ಕೊಪ್ಪಳ, ರಾಯಚೂರು, ಬಳ್ಳಾರಿ, ಬಾಗಲಕೋಟೆ, ಬೆಳಗಾವಿಗಳು ಸೇರಿವೆ. ಇಲ್ಲಿ ಅದಕ್ಕೆ ಮುತ್ತು ಕಟ್ಟುವುದು ಎನ್ನುತ್ತಾರೆ. ಕೆಂಪು, ಬಿಳಿ ಮಣಿಗಳ ಸರವೊಂದನ್ನು, ಎಷ್ಟೋ ಸಲ ಇನ್ನೂ ಮೈನೆರೆಯದ ಹುಡುಗಿಯ ಕೊರಳಿಗೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಅವಳಿಗೆ ಮದುವೆಯಿಲ್ಲ. ಹೀಗೆ ಮುತ್ತು ಕಟ್ಟಿಸಿಕೊಂಡವರಲ್ಲಿ ಹೆಚ್ಚಿನವರು ದಲಿತ ಕುಟುಂಬಗಳವರು, ಹೊಲವಿಲ್ಲದವರು. ಗಂಡುಮಗ ಇಲ್ಲದ ಮನೆಯಲ್ಲಿ ಮಗಳನ್ನು ಮನೆಯಲ್ಲೇ ಉಳಿಸಿಕೊಂಡು ಅವಳ ದುಡಿಮೆಯಲ್ಲಿ ಬದುಕುವ ದಾರಿಯೂ ಇದಾಗಿತ್ತು. ದೇವದಾಸಿ ಸಮರ್ಪಣೆಯನ್ನು ನಿಷೇಧಿಸುವ ರಾಜ್ಯದ ಕಾಯ್ದೆ ಬಂದದ್ದು 1982ರಲ್ಲಿ, ‘ಗೆಜ್ಜೆಪೂಜೆ’ ತೆರೆಕಂಡು ಹದಿಮೂರು ವರ್ಷಗಳಾದ ಮೇಲೆ.

ಚಂದ್ರಳ ಮನೆಯಲ್ಲಿ ಸಂಗೀತವಿದೆ, ಪುಸ್ತಕವಿದೆ, ಪಕ್ಕದಲ್ಲಿ ಸಭ್ಯ ಸಂಸಾರವೊಂದಿದೆ. ಆ ಸಂಸಾರದ ಒಳಗೆ ಕಾಲಿಡಲಾಗದ್ದೇ ಅವಳ ದುಃಖ. ಹುಲಿಗಿಯ ಹಾದಿಯಲ್ಲಿ ಚೌಡಿಕೆ ನುಡಿಸುತ್ತ ಜೋಗ ಬೇಡುವ ಮುದುಕಿಯ ಮುಂದೆ ಆ ದುಃಖಕ್ಕೆ ಬೇರೆಯದೇ ತೂಕ ಬರುತ್ತದೆ. ಆ ಮುದುಕಿ ಸಾಯಲಿಲ್ಲ. ಮಕ್ಕಳನ್ನು ಹೆತ್ತಳು, ಸಾಕಿದಳು, ತಂದೆಯ ಹೆಸರಿನ ಅಂಕಣ ಖಾಲಿ ಬಿಟ್ಟು ಅವರನ್ನು ಸಾಲೆಗೆ ಸೇರಿಸಿದಳು. ಅವಳ ಕತೆಯಲ್ಲಿ ಆತ್ಮನಾಶ ಎಂಬ ಮಾತಿಗೆ ಜಾಗವೇ ಇಲ್ಲ. ನಾಶ ಮಾಡಿದ ಕೈಗಳು ಊರಿಗೆಲ್ಲ ಗೊತ್ತಿವೆ. ಚಂದ್ರಳ ಸಾವನ್ನು ಅವಳ ಸ್ವಂತ ನಿರ್ಧಾರ ಎಂದು ಓದುವ ವಿಮರ್ಶೆ, ಸೂಕ್ಷ್ಮವಾಗಿ ಬರೆದಾಗಲೂ, ಪೂಜೆಯ ಸಾಮಾನು ಜೋಡಿಸಿದವರನ್ನು ಮರೆಯುತ್ತದೆ.

‘ಶರಪಂಜರ’ 1971ರ ಚಿತ್ರ. ಮೂಲ ಕಾದಂಬರಿ ತ್ರಿವೇಣಿಯವರದು. ಅವರ ನಿಜನಾಮ ಅನಸೂಯಾ ಶಂಕರ್, ಓದಿದ್ದು ಮನಶ್ಶಾಸ್ತ್ರ, ತೀರಿಕೊಂಡದ್ದು 1963ರಲ್ಲಿ, 34ರ ವಯಸ್ಸಿನಲ್ಲಿ. ಬದುಕಿದ್ದಾಗಲೇ ಲಕ್ಷಾಂತರ ಓದುಗರನ್ನು ಗಳಿಸಿದ್ದರೂ ನವ್ಯದ ಕಾಲದ ವಿಮರ್ಶೆ ಅವರನ್ನು ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಮಹಿಳೆಯರು ಬರೆದ ಕಾದಂಬರಿಗಳಿಗೆ ‘ಅಡುಗೆಮನೆ ಸಾಹಿತ್ಯ’ ಎಂಬ ಹಣೆಪಟ್ಟಿ ಅಂಟಿಸಿ ಬದಿಗಿಡುವ ರೂಢಿ ಆಗ ಜೋರಾಗಿತ್ತು. ಎಪ್ಪತ್ತರ ದಶಕದ ಕೊನೆಯಿಂದ ಬೆಳೆದ ಕನ್ನಡದ ಸ್ತ್ರೀವಾದಿ ವಿಮರ್ಶೆ ಈ ಅನ್ಯಾಯವನ್ನು ತಕ್ಕಮಟ್ಟಿಗೆ ಸರಿಪಡಿಸಿತು. ಮನೆಯೊಳಗಿನ ಹಿಂಸೆಯನ್ನು ಮನೆಯೊಳಗಿಂದಲೇ ಬರೆದವರು ಎಂದು ತ್ರಿವೇಣಿ, ಇಂದಿರಾ ಮೊದಲಾದವರನ್ನು ಅದು ಮತ್ತೆ ಓದಿತು.

ಕಾವೇರಿ ಸತೀಶನನ್ನು ಮೆಚ್ಚಿ ಮದುವೆಯಾಗುತ್ತಾಳೆ. ಮೊದಲ ಹೆರಿಗೆ ಸುಖವಾಗಿ ಆಗುತ್ತದೆ. ಎರಡನೆಯ ಹೆರಿಗೆಯ ಹೊತ್ತಿಗೆ ಅವಳ ಮನಸ್ಸು ಮುರಿಯುತ್ತದೆ. ಮದುವೆಗೆ ಮುಂಚಿನ ಹಳೆಯ ಗಾಯವೊಂದು ಆ ಹೊತ್ತಿನಲ್ಲಿ ಬಾಯಿಗೆ ಬಂದುಬಿಡುತ್ತದೆ. ಆಸ್ಪತ್ರೆಗೆ ಸೇರಿಸುತ್ತಾರೆ, ವಾಸಿಯಾಗಿ ಮನೆಗೆ ಮರಳುತ್ತಾಳೆ. ಬೇರೆ ಯಾವ ಚಿತ್ರವಾದರೂ ಇಲ್ಲಿ ಮುಗಿಯುತ್ತಿತ್ತು. ‘ಶರಪಂಜರ’ದ ನಿಜವಾದ ಕತೆ ಇಲ್ಲಿಂದ ಶುರುವಾಗುತ್ತದೆ. ಅವಳು ನಕ್ಕರೆ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ. ಹೂ ಮುಡಿದರೆ ಅನುಮಾನ, ದನಿ ಏರಿಸಿದರೆ ಗಾಬರಿ. ಆಳುಕಾಳು, ನೆರೆಹೊರೆಯವರ ಕಣ್ಣಲ್ಲಿ ಅವಳು ಹುಚ್ಚಾಸ್ಪತ್ರೆಯಿಂದ ಬಂದವಳು. ಗಂಡ ಅವಳಿಂದ ದೂರ ಸರಿಯುತ್ತಾನೆ, ಕಚೇರಿಯ ಹೆಣ್ಣೊಬ್ಬಳ ಹತ್ತಿರವಾಗುತ್ತಾನೆ. ವಾಸಿಯಾಗಿದ್ದೇನೆ ಎಂದು ಎಷ್ಟು ಸಲ ಹೇಳಿದರೂ, ಆ ಮಾತೇ ಹುಚ್ಚಿನ ಗುರುತು ಎಂಬಂತೆ ಕೇಳುವವರ ನಡುವೆ ಅವಳು ಬದುಕಬೇಕು. ಗಂಡನ ಸಂಬಂಧ ತಿಳಿದ ದಿನ ಅವಳ ಮನಸ್ಸು ಎರಡನೆಯ ಸಲ ಮುರಿಯುತ್ತದೆ.

ಪುಟ್ಟಣ್ಣನವರ ಚಿತ್ರಗಳಲ್ಲಿ ವಿಮರ್ಶೆಯ ಒರೆಗೆ ಇದೇ ಹೆಚ್ಚು ಗಟ್ಟಿಯಾಗಿ ನಿಂತಿದೆ, ಅದಕ್ಕೆ ಕಾರಣ ಅದರ ಕಟ್ಟೋಣದಲ್ಲೇ ಇದೆ. ರೋಗ ಬಂದದ್ದು ಒಂದು ಸಲ, ಮನೆ ಅದನ್ನು ಮತ್ತೆ ತರಿಸಿದ್ದು ಇನ್ನೊಂದು ಸಲ. ಎರಡನೆಯದಕ್ಕೆ ಕಾವೇರಿಯನ್ನು ಹೊಣೆಯಾಗಿಸುವುದು ಯಾರಿಗೂ ಸಾಧ್ಯವಿಲ್ಲ. ರಾಷ್ಟ್ರಮಟ್ಟದಲ್ಲಿ ಕನ್ನಡದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿ, ಕಾವೇರಿಯ ಪಾತ್ರ ಮಾಡಿದ ಕಲ್ಪನಾ ಅವರಿಗೆ ರಾಜ್ಯಪ್ರಶಸ್ತಿ ಬಂದವು. ಹೆಂಗಸರು ತಂಡತಂಡವಾಗಿ ಹೋಗಿ ನೋಡಿ ಅತ್ತರು.

ಆ ಅಳುವನ್ನೇ ಹಿಡಿದುಕೊಂಡು ಟೀಕೆಯೂ ಬಂತು. 1970ರಲ್ಲಿ ‘ಸಂಸ್ಕಾರ’, ಮರುವರ್ಷ ‘ವಂಶವೃಕ್ಷ’ ಬಂದು ಕನ್ನಡದಲ್ಲಿ ಹೊಸ ಅಲೆ ಎದ್ದಿದ್ದ ಕಾಲ ಅದು. ಮೌನ, ಸಂಯಮ, ನಿಧಾನಗತಿಗಳಿಗೆ ಬೆಲೆ ಕೊಡುತ್ತಿದ್ದ ಹೊಸ ವಿಮರ್ಶಕರಿಗೆ ಕಲ್ಪನಾ ಅವರ ಏರುದನಿ, ದೊಡ್ಡ ದೊಡ್ಡ ಕಣ್ಣುಗಳ ನಟನೆ, ಹಾಡುಗಳು, ಸಂಕೇತಗಳ ಭರಾಟೆ ಅತಿಯೆನಿಸಿದವು. ಮೆಲೋಡ್ರಾಮಾ ಎಂಬ ಮಾತು ಪುಟ್ಟಣ್ಣನವರ ಹೆಸರಿನ ಜೊತೆ ಅಂಟಿಕೊಂಡಿತು. ಅತ್ತ ಕಲಾತ್ಮಕವೂ ಅಲ್ಲ, ಇತ್ತ ಬರಿಯ ವ್ಯಾಪಾರಿಯೂ ಅಲ್ಲ, ಎರಡರ ನಡುವಿನ ಸೇತುವೆಯ ಚಿತ್ರಗಳು ಎಂಬ ರಾಜಿಯ ಹೆಸರೂ ಬಂತು. ಈ ಟೀಕೆ ಅರ್ಧ ಮಾತ್ರ ಸರಿ. ಮೆಲ್ಲನೆ ಮಾತಾಡುವ ಹೆಂಗಸಿನ ಮಾತು ಯಾರಿಗೂ ಕೇಳಿಸದ ಮನೆಯ ಕತೆಯಲ್ಲಿ ದನಿ ಏರಲೇಬೇಕು. ಕಾವೇರಿಯ ಕೂಗು ನಿರ್ದೇಶಕನ ಅತಿರೇಕವೆಂದು ಕಂಡವರು ಅದಕ್ಕೆ ಮುಂಚೆ ಅವಳು ಎಷ್ಟು ದೃಶ್ಯಗಳಲ್ಲಿ ತಗ್ಗಿದ ದನಿಯಲ್ಲೇ ಮಾತಾಡಿದ್ದಳು ಎಂಬುದನ್ನು ಎಣಿಸಲಿಲ್ಲ.

ಹೊಸ ಅಲೆಯ ಸಂಯಮ ಏನು ಮಾಡಬಲ್ಲದು ಎಂಬುದಕ್ಕೆ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಸಾಕ್ಷಿ. ಯು.ಆರ್. ಅನಂತಮೂರ್ತಿಯವರ ಕತೆಯ ಆ ಚಿತ್ರದಲ್ಲಿ ಬಸಿರಾದ ವಿಧವೆ ಯಮುನಾಳ ಪತನವನ್ನು ನಾಣಿ ಎಂಬ ಪುಟ್ಟ ಹುಡುಗನ ಕಣ್ಣಿನಿಂದ ತೋರಿಸಲಾಗಿದೆ. ಅವಳು ಸಾಯಲು ಹೊರಡುತ್ತಾಳೆ. ಆದರೆ ಕೊನೆಗೆ ಬದುಕಿರುವ ಅವಳಿಗೆ ತಂದೆಯೇ ಶ್ರಾದ್ಧ ಮಾಡುತ್ತಾನೆ. ಅಲ್ಲಿ ಕೂಗಿಲ್ಲ, ಕಣ್ಣೀರಿಗೆ ಆಹ್ವಾನವಿಲ್ಲ. ಸ್ವರ್ಣಕಮಲ ಪಡೆದ ಈ ಚಿತ್ರದ ಪುನರುಜ್ಜೀವಿತ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲೂ ತೆರೆಕಂಡಿತು. ಯಮುನಾ ಮತ್ತು ಕಾವೇರಿ, ಇಬ್ಬರನ್ನೂ ಮನೆಯೇ ಹೊರಗೆ ಹಾಕಿತು. ಒಂದು ಚಿತ್ರ ಅದನ್ನು ದೂರ ನಿಂತು ನೋಡಿತು, ಇನ್ನೊಂದು ಒಳಗೆ ನಿಂತು ಕೂಗಿತು. ಮೊದಲನೆಯದನ್ನು ಕಲೆ, ಎರಡನೆಯದನ್ನು ಕಣ್ಣೀರು ಎಂದು ವಿಂಗಡಿಸಿದ ವಿಮರ್ಶೆಗೆ ‘ಶರಪಂಜರ’ ನೋಡಿ ಹೊರಬಂದ ಹೆಂಗಸರು ಏನನ್ನು ಗುರುತಿಸಿದರು ಎಂಬುದು ಕಾಣಲಿಲ್ಲ.

ಮಾಧವಿಯ ಪ್ರಕರಣ ಹೆಚ್ಚು ತೊಡಕಿನದು. ಭಾರತೀಸುತರ ಕಾದಂಬರಿಯನ್ನು ಆಧರಿಸಿದ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಬಂತು. ಗಂಡ ಸೇನೆಯವನು, ದಾಂಪತ್ಯಕ್ಕೆ ಅಶಕ್ತನಾದವನು. ವಯನಾಡಿನ ಬೆಟ್ಟದ ಏಕಾಂತದಲ್ಲಿ ಮಾಧವಿ ತನಗಿಂತ ಕಿರಿಯ ತರುಣನತ್ತ ವಾಲುತ್ತಾಳೆ. ಪಾತ್ರ ಮಾಡಿದ ಜಯಂತಿ ಬಳ್ಳಾರಿಯಲ್ಲಿ ಹುಟ್ಟಿದವರು. 1965ರ ‘ಮಿಸ್ ಲೀಲಾವತಿ’ಯಲ್ಲಿ ಸಂಪ್ರದಾಯ ಮೀರುವ ಹುಡುಗಿಯಾಗಿ ಅದಾಗಲೇ ಗದ್ದಲ ಎಬ್ಬಿಸಿದ್ದರು. ಮಾಧವಿಯ ಪಾತ್ರ ಅವರಿಗೆ ರಾಜ್ಯಪ್ರಶಸ್ತಿ ತಂದಿತು. ಮದುವೆಯಾದ ಹೆಂಗಸಿನ ಕಾಮವನ್ನು ಅಷ್ಟು ನೇರವಾಗಿ ಕನ್ನಡ ತೆರೆ ಅದಕ್ಕೆ ಮುಂಚೆ ತೋರಿಸಿರಲಿಲ್ಲ ಎಂದು ಹೊಗಳಿದವರಿದ್ದರು, ಮನೆಮಂದಿ ಕೂತು ನೋಡುವಂಥದ್ದೇ ಎಂದು ಹುಬ್ಬೇರಿಸಿದವರೂ ಇದ್ದರು.

ಡಿ.ಎಚ್. ಲಾರೆನ್ಸನ ‘ಲೇಡಿ ಚಾಟರ್ಲಿಯ ಪ್ರಿಯಕರ’ ಕಾದಂಬರಿಯ ಜೊತೆ ಈ ಚಿತ್ರವನ್ನು ಹೋಲಿಸುವುದು ವಿಮರ್ಶೆಯಲ್ಲಿ ವಾಡಿಕೆಯೇ ಆಯಿತು. ಹೋಲಿಕೆ ಮೇಲ್ನೋಟಕ್ಕೆ ಸರಿಯಾಗಿದ್ದರೂ ಮುಖ್ಯವಾದ ಜಾಗದಲ್ಲಿ ಮುರಿಯುತ್ತದೆ. ಲಾರೆನ್ಸನ ಕಾನಿ ಯುದ್ಧದಲ್ಲಿ ನಿಶ್ಶಕ್ತನಾದ ಗಂಡನನ್ನು ಬಿಟ್ಟು ಹೊರಡುತ್ತಾಳೆ, ಪ್ರಿಯಕರನ ಮಗುವನ್ನು ಹೊತ್ತು ಮುಂದಿನ ಬಾಳನ್ನು ಎದುರು ನೋಡುತ್ತಾಳೆ. ಮಾಧವಿಗೆ ಆ ದಾರಿಯನ್ನು ಚಿತ್ರ ತೆರೆಯುವುದಿಲ್ಲ. ಅವಳ ಒಂಟಿತನವನ್ನು ಹಾಡಿನ ಮೇಲೆ ಹಾಡು ಕೊಟ್ಟು ಸಿಂಗರಿಸಿದ ನಿರ್ದೇಶಕ, ಕೊನೆಯ ರೀಲುಗಳಲ್ಲಿ ಲೋಕದ ನ್ಯಾಯಕ್ಕೆ ತಲೆಬಾಗುತ್ತಾರೆ. ಧೈರ್ಯವಾಗಿ ಹೊರಟ ಚಿತ್ರ ಅಂಜಿ ನಿಲ್ಲುವುದು ಅಲ್ಲಿಯೇ. ಆಸೆಪಟ್ಟವಳಿಗೆ ಬದುಕುವ ಹಕ್ಕನ್ನೂ ಕೊಡಬಹುದಿತ್ತಲ್ಲ ಎಂಬ ಪ್ರಶ್ನೆಯನ್ನು ನಂತರದ ತಲೆಮಾರಿನ ಬರಹಗಾರ್ತಿಯರು ಎತ್ತಿದ್ದು ಸಹಜ.

ಉತ್ತರ ಕರ್ನಾಟಕದ ಸಣ್ಣಾಟ ‘ಸಂಗ್ಯಾ-ಬಾಳ್ಯಾ’ ಇದಕ್ಕೆ ಒಳ್ಳೆಯ ಎದುರುದಾಹರಣೆ. ಬೈಲಹೊಂಗಲ ಸೀಮೆಯಲ್ಲಿ ನಡೆದ ಘಟನೆಯ ಮೇಲೆ ಕಟ್ಟಿದ್ದೆಂದು ನಂಬಲಾದ ಈ ಆಟವನ್ನು ಹಳ್ಳಿಯ ಕಟ್ಟೆಗಳ ಮೇಲೆ ರಾತ್ರಿಯಿಡೀ ಆಡುತ್ತ ಬಂದಿದ್ದಾರೆ. ಈರ್ಯಾನ ಹೆಂಡತಿ ಗಂಗಾಳ ಮೇಲೆ ಸಂಗ್ಯಾ ಮರುಳಾಗುತ್ತಾನೆ. ಗೆಳೆಯ ಬಾಳ್ಯಾ, ಮುದುಕಿ ಪಾರಮ್ಮ ನಡುವೆ ಓಡಾಡುತ್ತಾರೆ. ಮೊದಲು ಬೈದು ಕಳಿಸಿದ ಗಂಗಾ ಕೊನೆಗೆ ಸೋಲುತ್ತಾಳೆ. ಕೊಲೆಯಾಗುವವನು ಮಾತ್ರ ಸಂಗ್ಯಾ. ಮೋಹಕ್ಕೆ ಪ್ರಾಣ ತೆತ್ತವನು ಗಂಡಸು, ಜನ ಮರುಗಿದ್ದೂ ಅವನಿಗಾಗಿ. ಹೆಣ್ಣು ಮೋಹಪಟ್ಟರೆ ಹೆಣ್ಣೇ ನಾಶವಾಗಬೇಕು ಎಂಬ ಕಥಾನಿಯಮ ನಗರದ ಸಿನಿಮಾದಲ್ಲಿ ಇರುವಷ್ಟು ಗಟ್ಟಿಯಾಗಿ ಹಳ್ಳಿಯ ಆಟದಲ್ಲಿ ಇರಲಿಲ್ಲ. ಜಾತ್ರೆಗಳಿಗೆ ಡೇರೆ ಹಾಕುವ ಕಂಪನಿ ನಾಟಕಗಳಲ್ಲಿ ಅದು ಬೇರೆ ರೂಪ ತಾಳಿತು: ಪೇಟೆಯಿಂದ ಬಂದ ಸೊಕ್ಕಿನ ಸೊಸೆ ಕೊನೆಯ ಅಂಕದಲ್ಲಿ ಅತ್ತೆಯ ಕಾಲಿಗೆ ಬೀಳುತ್ತಾಳೆ, ಸಾಯುವುದಿಲ್ಲ.

ಪುಟ್ಟಣ್ಣನವರ ಚಿತ್ರಗಳು ಈ ಸೀಮೆಗೆ ಬಂದದ್ದು ಒಂದು ರೀತಿಯಲ್ಲಿ ಪರವೂರಿನ ಕತೆಗಳಾಗಿ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದವು, 1956ರಲ್ಲಿ ಮೈಸೂರು ರಾಜ್ಯ ಸೇರಿದವು, ರಾಯಚೂರಿನಿಂದ ಬೇರೆಯಾಗಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಕನ್ನಡ ಸಿನಿಮಾ ಬಹುಕಾಲ ಹಳೆಯ ಮೈಸೂರು ಸೀಮೆಯ ನೋಡುಗರನ್ನೇ ಮುಂದಿಟ್ಟುಕೊಂಡು ಮಾತಾಡಿದೆ ಎಂದು ಚಿತ್ರ ವಿಮರ್ಶಕ ಎಂ.ಕೆ. ರಾಘವೇಂದ್ರ 2011ರ ತಮ್ಮ ಇಂಗ್ಲಿಷ್ ಪುಸ್ತಕದಲ್ಲಿ ವಿವರವಾಗಿ ವಾದಿಸಿದ್ದಾರೆ. ಆ ಮಾತಿಗೆ ಈ ಮೂರು ಚಿತ್ರಗಳ ಭಾಷೆ, ಮನೆ, ಉಡು-ತೊಡುಗೆಗಳೇ ಪುರಾವೆ. ಆದರೂ ಕಾವೇರಿಯ ಕತೆ ಇಲ್ಲಿಯ ಹೆಂಗಸರಿಗೆ ಅರ್ಥವಾಗಲು ಮೈಸೂರಿನ ಮಾತು ಅಡ್ಡಬರಲಿಲ್ಲ. ಹೆರಿಗೆಯಾದ ಮೇಲೆ ಮತಿ ಕೆಟ್ಟ ಸೊಸೆಯನ್ನು ತವರಿಗೆ ಅಟ್ಟಿ, ಮಗನಿಗೆ ಇನ್ನೊಂದು ಹೆಣ್ಣು ನೋಡುವುದು ಯಾವ ಸೀಮೆಗೂ ಹೊಸದಲ್ಲ.

ಚಿತ್ರಗಳ ಸುತ್ತ ಬೆಳೆದ ಬರಹಗಳಲ್ಲಿ ಅತ್ಯಂತ ಕೆಟ್ಟ ಭಾಗ ಕಲ್ಪನಾ ಅವರ ಸಾವಿನ ಕುರಿತದ್ದು. ಸಿನಿಮಾ ಅವಕಾಶಗಳು ಕಡಿಮೆಯಾದ ಮೇಲೆ ಅವರು ಉತ್ತರ ಕರ್ನಾಟಕದಲ್ಲಿ ವೃತ್ತಿ ನಾಟಕಗಳಲ್ಲಿ ಅಭಿನಯಿಸುತ್ತಿದ್ದರು. 1979ರ ಮೇ ತಿಂಗಳಲ್ಲಿ, ಬೆಳಗಾವಿ ಜಿಲ್ಲೆಯ ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಅವರ ಬದುಕು ಮುಗಿಯಿತು. ಆಗ ಅವರಿಗೆ ಮೂವತ್ತೈದು ವರ್ಷ. ಅಂದಿನಿಂದ ಪಾತ್ರಗಳನ್ನೂ ನಟಿಯನ್ನೂ ಒಂದೇ ದಾರಕ್ಕೆ ಪೋಣಿಸುವ ಬರಹಗಳು ನಿಂತಿಲ್ಲ: ಚಂದ್ರಳಂತೆ ಹೋದಳು, ಕಾವೇರಿಯಂತೆ ನೊಂದಳು, ಪಾತ್ರವೇ ನಟಿಯನ್ನು ನುಂಗಿತು. ಓದಲು ರೋಚಕವಾದ ಈ ಮಾತು ಇಬ್ಬರಿಗೂ ಅನ್ಯಾಯ ಮಾಡುತ್ತದೆ. ‘ಬೆಳ್ಳಿಮೋಡ’ದಲ್ಲಿ (1967) ತನ್ನನ್ನು ಬಿಟ್ಟು ಹೋಗಿ ಮತ್ತೆ ಬಯಸಿ ಬಂದ ಗಂಡನ್ನು ತಲೆಯೆತ್ತಿ ನಿರಾಕರಿಸಿದ ಇಂದಿರಾಳ ಪಾತ್ರ ಮಾಡಿದವರೂ ಇದೇ ಕಲ್ಪನಾ. ಕತೆ ಅದೇ ತ್ರಿವೇಣಿಯವರದು, ನಿರ್ದೇಶನ ಅದೇ ಪುಟ್ಟಣ್ಣನವರದು. ಆ ನಾಯಕಿ ನಾಶವಾಗುವುದಿಲ್ಲ. ಕಲ್ಪನಾ ಅವರನ್ನು ನೆನೆಯುವ ಲೇಖನಗಳು ಇಂದಿರಾಳನ್ನು ಮರೆತು ಚಂದ್ರಳನ್ನೇ ಎತ್ತಿಕೊಳ್ಳುವುದರಲ್ಲಿ ವಿಮರ್ಶೆಯ ಒಲವು ಯಾವ ಕಡೆಗಿದೆ ಎಂಬುದು ತಿಳಿಯುತ್ತದೆ.

ಗಂಡಸಿನ ನಾಶವನ್ನು ಪುಟ್ಟಣ್ಣ ಹೇಗೆ ಚಿತ್ರಿಸಿದರು ಎಂಬುದನ್ನೂ ಪಕ್ಕಕ್ಕಿಟ್ಟು ನೋಡಬೇಕು. ‘ಮಾನಸ ಸರೋವರ’ದಲ್ಲಿ (1982) ಶ್ರೀನಾಥ್ ಅಭಿನಯಿಸಿದ ಮನೋವೈದ್ಯ ತಾನು ವಾಸಿ ಮಾಡಿದ ಹುಡುಗಿಯನ್ನೇ ಪ್ರೀತಿಸಿ, ಅವಳು ಬೇರೆಯವನನ್ನು ವರಿಸಿದಾಗ ತಾನೇ ಹುಚ್ಚನಾಗುತ್ತಾನೆ. ಆ ಹುಚ್ಚಿಗೆ ಚಿತ್ರ ಕೊಡುವ ಘನತೆ ದೊಡ್ಡದು: ಪ್ರೇಮದ ಉನ್ನತಿ, ತ್ಯಾಗದ ಎತ್ತರ. ಕಾವೇರಿಯ ಹುಚ್ಚಿಗೆ ಮನೆಯವರ ಅನುಮಾನ ಸಿಕ್ಕರೆ, ವೈದ್ಯನ ಹುಚ್ಚಿಗೆ ಇಡೀ ಚಿತ್ರದ ಭಕ್ತಿ ಸಿಗುತ್ತದೆ. ಪುಟ್ಟಣ್ಣನವರನ್ನು ಸ್ತ್ರೀಪರ ನಿರ್ದೇಶಕ ಎಂದು ಒಂದೇ ಉಸಿರಿನಲ್ಲಿ ಕೊಂಡಾಡುವವರು ಈ ಎರಡು ಚಿತ್ರಗಳನ್ನು ಒಂದರ ಹಿಂದೊಂದು ನೋಡಿದರೆ ಆ ಬಿರುದಿನೊಳಗೆ ಎಷ್ಟು ಜಟಿಲತೆ ಇದೆಯೆಂಬುದು ಕಾಣುತ್ತದೆ. ಹೆಂಗಸಿನ ನೋವನ್ನು ಅವರಷ್ಟು ಹತ್ತಿರದಿಂದ ಕಂಡ ನಿರ್ದೇಶಕರು ಕಡಿಮೆ. ಆ ನೋವಿನಿಂದ ಹೊರಬರುವ ದಾರಿಯನ್ನು ಅವರು ತೋರಿಸಿದ್ದೂ ಅಷ್ಟೇ ಕಡಿಮೆ.

ಈಚಿನ ವರ್ಷಗಳಲ್ಲಿ ಕಾವೇರಿಯ ಕತೆಗೆ ಇನ್ನೊಂದು ಓದು ಸೇರಿದೆ, ಅದು ವೈದ್ಯರದು. ಹೆರಿಗೆಯ ಬೆನ್ನಿಗೇ ನಿದ್ದೆಗೆಟ್ಟು, ಸಂಬಂಧವಿಲ್ಲದ್ದನ್ನು ಮಾತಾಡುತ್ತ, ಇಲ್ಲದ್ದನ್ನು ಕಾಣುವ ಕಾಯಿಲೆಯನ್ನು ಜನ ಬಾಣಂತಿ ಸನ್ನಿ ಎಂದು ಗುರುತಿಸಿಕೊಂಡೇ ಬಂದಿದ್ದಾರೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಅದು ಬರುತ್ತದೆ, ಸಾಮಾನ್ಯವಾಗಿ ಮೊದಲ ಎರಡು ವಾರಗಳಲ್ಲಿ. ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ‘ಶರಪಂಜರ’ ಬಂದಾಗ ನಿಮ್ಹಾನ್ಸ್ ಎಂಬ ಹೆಸರಿನ ಸಂಸ್ಥೆ ಇನ್ನೂ ಇರಲಿಲ್ಲ. ಹಳೆಯ ಮಾನಸಿಕ ಆಸ್ಪತ್ರೆಯನ್ನೂ ಸಂಶೋಧನಾ ಸಂಸ್ಥೆಯನ್ನೂ ಸೇರಿಸಿ ಅದನ್ನು ರೂಪಿಸಿದ್ದು 1974ರಲ್ಲಿ. ಇಂದು ಅಲ್ಲಿ ತಾಯಿಯನ್ನು ಮಗುವಿನಿಂದ ಅಗಲಿಸದೆ ಇಬ್ಬರನ್ನೂ ಒಟ್ಟಿಗೇ ದಾಖಲಿಸಿಕೊಳ್ಳುವ ವಾರ್ಡು ಇದೆ. ಮನೋರೋಗದ ಚಿಕಿತ್ಸೆಯನ್ನು ದೊಡ್ಡಾಸ್ಪತ್ರೆಯ ಗೋಡೆಗಳಿಂದ ಹೊರಗೆ ತಂದು ತಾಲ್ಲೂಕಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಒಯ್ಯುವ ಪ್ರಯೋಗ ಎಂಬತ್ತರ ದಶಕದಲ್ಲಿ ನಡೆದದ್ದು ಕೊಪ್ಪಳಕ್ಕೆ ತುಂಗಭದ್ರೆಯ ಆಚೆ ದಡದಲ್ಲೇ ಇರುವ ಬಳ್ಳಾರಿ ಜಿಲ್ಲೆಯಲ್ಲಿ. ನಿಮ್ಹಾನ್ಸ್ ನಡೆಸಿದ ಆ ಪ್ರಯೋಗವನ್ನೇ ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು.

ಕಾನೂನೂ ಬದಲಾಗಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ಅಪರಾಧಿಯಂತೆ ನೋಡುತ್ತಿದ್ದ ಪದ್ಧತಿಗೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ತಡೆ ಹಾಕಿತು: ಅಂಥವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರ ಆರೈಕೆ, ಪುನರ್ವಸತಿ ಸರ್ಕಾರದ ಹೊಣೆ ಎಂದು ಅದು ಹೇಳುತ್ತದೆ. 2022ರಿಂದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಗೆ ಯಾರು ಬೇಕಾದರೂ ಕನ್ನಡದಲ್ಲೇ ಕರೆ ಮಾಡಿ ಮಾತಾಡಬಹುದು. ವೈದ್ಯಕೀಯ ಕಾಲೇಜುಗಳಲ್ಲಿ ‘ಶರಪಂಜರ’ವನ್ನು ಪಾಠಕ್ಕಿಟ್ಟರೆ ಮೊದಲ ಅರ್ಧ ರೋಗದ ಲಕ್ಷಣಗಳಿಗೆ ಉಪಯೋಗವಾದೀತು. ಎರಡನೆಯ ಅರ್ಧವನ್ನು ತೋರಿಸಬೇಕಾದದ್ದು ರೋಗಿಯನ್ನು ಮನೆಗೆ ಕರೆದೊಯ್ಯಲು ಬಂದ ಗಂಡ, ಅತ್ತೆ, ಮಾವ, ನಾದಿನಿಯರಿಗೆ. ಮನೆಗೆ ಮರಳಿದವಳ ಜೊತೆ ನಡೆದುಕೊಳ್ಳುವ ರೀತಿಯ ಮೇಲೆ ರೋಗ ಮರುಕಳಿಸುವುದೂ ಬಿಡುವುದೂ ಬಹಳಷ್ಟು ನಿಂತಿದೆ ಎಂಬುದು ಇಂದಿನ ಮನೋವೈದ್ಯಕೀಯ ಒಪ್ಪಿಕೊಂಡ ಸಂಗತಿ. ತ್ರಿವೇಣಿ ಅದನ್ನು ಅರವತ್ತು ವರ್ಷಗಳಷ್ಟು ಹಿಂದೆಯೇ ಕಾದಂಬರಿಯಾಗಿ ಬರೆದಿಟ್ಟಿದ್ದರು.